ಅರವತ್ತಮೂರನೆಯ ಕೋಣೆ

ಅಮ್ಮಾಪೇಟೆ, ಸೇಲಂ
8 ಜನವರಿ 2024

ಪ್ರೀತಿಯ ಚಿಕ್ಕಪ್ಪನವರಿಗೆ ಕಾರ್ತಿಕಾಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು, ಬರೆದೆ. ಇನ್ನು ನಿಜ ಬರೆಯುತ್ತೇನೆ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಮಗ್ಗದ ಸದ್ದಿಗೆ ಈ ಮನೆಯಲ್ಲಿ ಎಲ್ಲರೂ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ನಿಮಗೆ ಹೇಳುವ ಗುಟ್ಟು ಮೊದಲು ಅತ್ತೆಯ ಕಿವಿಗೆ ಬಿದ್ದು, ಆಮೇಲೆ ನಿಮ್ಮ ಕಿವಿಗೆ ಬರುತ್ತದೆ. ನನಗೆ ಕನ್ನಡ ಅಕ್ಷರ ಕಲಿಸಿದವರು ನೀವು, ಈಗ ಅನುಭವಿಸಿ.

ಆಯುಧಪೂಜೆಯ ದಿನ ನೀವು ಪಾಪಿರೆಡ್ಡಿಪಟ್ಟಿಯಿಂದ ಬಂದು ನಮ್ಮ ಡಿಸೈನ್ ಕಂಪ್ಯೂಟರಿಗೆ ಡಿಸೈನುಗಳನ್ನಿಡಲೆಂದೇ ಹೊಸ ಹಾರ್ಡ್ ಡಿಸ್ಕ್ ಹಾಕಿಕೊಟ್ಟಿರಲ್ಲ, ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ಹಳೆಯ ಡಿಸೈನ್ ತೆರೆದರೆ ಥಟ್ಟನೆ ತೆರೆಯುತ್ತದೆ. ಬರೆದದ್ದನ್ನು ಉಳಿಸಲು ಹೋದರೆ ಮಾತ್ರ ಅದರ ಜೀವ ಹೋಗುತ್ತದೆ. ಒಂದು ಸೀರೆಯ ಡಿಸೈನ್ ಎಂದರೆ ಸಾವಿರಾರು ಚೂರು ಫೈಲು ಎನ್ನುವುದು ನಿಮಗೆ ಗೊತ್ತು. ಒಂದು ಸೆರಗು ಉಳಿಸಲು ಒತ್ತಿ, ಅಡುಗೆಮನೆಗೆ ಹೋಗಿ ಟೀ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. ಹಳೆಯ ಡಿಸ್ಕ್ ಕಟಕಟ ಎನ್ನುತ್ತಿತ್ತು ನಿಜ, ಆದರೆ ಕೆಲಸ ಮಾಡುತ್ತಿತ್ತು.

ಮನೆಯವರು ನೋಡುವುದು ಚಕ್ರವನ್ನಲ್ಲ, ಕೈಕಟ್ಟಿ ಕೂತ ನನ್ನನ್ನು. ಪೊನ್ನಮ್ಮ ಅತ್ತೆ ನಿನ್ನೆ ನೂಲು ಕೊಡಲು ಬಂದವರ ಮುಂದೆಯೇ ಅಂದರು: “ನಮ್ ಮಗ್ಗದಾಗೆ ಒಂದ್ ಮೊಳ ಇಳೀತೈತೆ, ಇವ್ಳ್ ಮಿಸಿನ್‌ನಾಗೆ ಒಂದ್ ಊವ ಇಳ್ಯಾಕಿಲ್ಲ. ಎನ್ನಮ್ಮಾ ವೇಲೆ ಇದು?” ಇದೂ ಒಂದು ಕೆಲಸವೇ ಎಂದು ತಮಿಳಿನಲ್ಲಿ ಬೇರೆ! ಬಂದವರು ಹಲ್ಲು ಕಿರಿದರು. ಆ ಹಲ್ಲುಗಳನ್ನು ನೆನೆದರೆ ಇವತ್ತೂ ಊಟ ಸೇರುತ್ತಿಲ್ಲ.

ಮಾವ ಶಿವರಾಮನ್ ಅವರು ಕೂಗಾಡುವವರಲ್ಲ. ತಣ್ಣಗೆ ಹೇಳಿದರು. ಯುಗಾದಿಯವರೆಗೆ ನೋಡುತ್ತಾರಂತೆ. ಹೀಗೇ ಇದ್ದರೆ ಆ ಕುರ್ಚಿಯಲ್ಲಿ ನನ್ನ ಮೈದುನ ಮಣಿಕಂಠನ್ ಕೂರುತ್ತಾನೆ, ನಾನು ಅತ್ತೆಯ ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತಬೇಕು. ಕಂಡಿಕೆ ಸುತ್ತುವುದು ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಕೆಲಸ ಬಾರದವಳೆಂಬ ಹೆಸರು ಹೊತ್ತು ಸುತ್ತಲಾರೆ.

ಏನು ನೋಡಬೇಕು, ಎಲ್ಲಿ ನೋಡಬೇಕು, ದಯವಿಟ್ಟು ಬರೆಯಿರಿ.

ನಿಮ್ಮ ಮಗಳು,
ಕಾರ್ತಿಕಾ


ಪಾಪಿರೆಡ್ಡಿಪಟ್ಟಿ
19 ಜನವರಿ 2024

ಚಿ. ಸೌ. ಕಾರ್ತಿಕಾಳಿಗೆ ಚಿಕ್ಕಪ್ಪ ರಾಜಗೋಪಾಲನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅಕ್ಷರ ಇನ್ನೂ ದುಂಡಾಗಿವೆ, ಸಂತೋಷ. ಸಿಟ್ಟು ಮಾತ್ರ ನಿಮ್ಮಪ್ಪನದೇ.

ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೇನೆ. ಲಿನಕ್ಸ್ ಎಂಬ ತಂತ್ರಾಂಶದ ಹೆಸರನ್ನು ಈ ಊರಿಗೆ ತಂದವನೇ ನಾನು. ನನ್ನ ಅನುಭವದಲ್ಲಿ ಯಂತ್ರ ನಿಧಾನವಾಗಲು ಕಾರಣ ಮೂರು: ಧೂಳು, ಕರೆಂಟು, ಮತ್ತು ಕೂತವರ ಅವಸರ. ಮಗ್ಗದ ಮನೆ, ನೂಲೆಳೆಯ ಧೂಳು ಒಳಗೆ ಹೋಗಿರುತ್ತದೆ. ಬಿಚ್ಚಿ ಊದು. ಸ್ಟೆಬಿಲೈಸರ್ ಹಾಕಿಸು. ಒಂದೇ ಸಲಕ್ಕೆ ಹತ್ತು ಡಿಸೈನ್ ತೆರೆದಿಟ್ಟುಕೊಳ್ಳಬೇಡ. ಹೊರಗಿನವರ ಪೆನ್ ಡ್ರೈವ್ ಸಿಕ್ಕಿಸಬೇಡ.

ಡಿಸ್ಕಿನ ಮೇಲೆ ಮಾತ್ರ ಅನುಮಾನ ಬೇಡ. ಅದನ್ನು ನಾನು ನಮ್ಮ ಕುಲದ ಪದ್ಧತಿಯಲ್ಲೇ ಹೂಡಿದ್ದೇನೆ. ಮಗ್ಗಕ್ಕೆ ಉದ್ದನೆಯ ಎಳೆಗಳ ಹೊಸ ಹಾಸು ಬಂದಾಗ ಏನು ಮಾಡುತ್ತೇವೆ? ಎಲ್ಲವನ್ನೂ ಕಿತ್ತು, ಬಾಚಣಿಗೆಯಂಥ ಹಣಿಗೆಯ ಸಂದುಸಂದಿಗೂ ಹೊಸದಾಗಿ ಎಳೆ ಪೋಣಿಸುತ್ತೇವೆಯೇ? ಇಲ್ಲ. ಹಳೆಯ ಹಾಸಿನ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಬೆಸೆದು ಎಳೆದುಕೊಳ್ಳುತ್ತೇವೆ. ನಾನು ಮಾಡಿದ್ದೂ ಅದನ್ನೇ. ಹಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು, ಅಂದರೆ ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎನ್ನುವ ಲೆಕ್ಕವನ್ನು, ಹಾಗೆಯೇ ಎತ್ತಿ ಹೊಸದರ ಮೇಲೆ ಇಳಿಸಿದೆ. ಅದು ಎಲ್ಲಿಂದ ಶುರುವಾಗಿತ್ತೋ ಇದೂ ಅಲ್ಲಿಂದಲೇ ಶುರು. ಡಿಸ್ಕ್ ದೊಡ್ಡದಾದ್ದರಿಂದ ಕೊನೆಯನ್ನಷ್ಟೇ ಉದ್ದ ಮಾಡಿದೆ. ಒಂದು ಎಳೆ ಆಚೀಚೆ ಆಗಿಲ್ಲ.

ಈಗಿನ ಹುಡುಗರು ಎಲ್ಲವನ್ನೂ ಅಳಿಸಿ, ಯಂತ್ರ ಕೇಳಿದ್ದಕ್ಕೆಲ್ಲ ಹೂಂ ಒತ್ತುತ್ತಾರೆ. ನೋಡಿದರೆ ಹೇಸಿಗೆಯಾಗುತ್ತದೆ. ನೀನು ಹಾಗಾಗಬೇಡ. ತಾಳ್ಮೆ ಇರಲಿ. ಬೀಗರಿಗೆ ನನ್ನ ನಮಸ್ಕಾರ ಹೇಳು.

ಇತಿ ಆಶೀರ್ವಾದ,
ರಾಜಗೋಪಾಲ್


ಅಮ್ಮಾಪೇಟೆ, ಸೇಲಂ
2 ಫೆಬ್ರವರಿ 2024

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಬಿಚ್ಚಿದೆ, ಊದಿದೆ. ಒಳಗಿಂದ ಒಂದು ಮೂಗುತಿಯಷ್ಟು ಧೂಳೂ ಬರಲಿಲ್ಲ. ಸ್ಟೆಬಿಲೈಸರ್ ಬಂತು. ಒಂದೇ ಡಿಸೈನ್ ತೆರೆದು ಕೂತೆ. ಚಕ್ರ ಹಾಗೆಯೇ ಸುತ್ತಿತು.

ನೀವು ಸ್ಟೆಬಿಲೈಸರ್ ಹೇಳಿದಿರಿ, ಅತ್ತೆ ನಿಂಬೆಹಣ್ಣು ಹೇಳಿದರು. ಕಂಪ್ಯೂಟರಿನ ತಲೆಯ ಮೇಲೆ ನಿಂಬೆಹಣ್ಣು ಹೋಳು ಮಾಡಿ ಕುಂಕುಮ ಹಚ್ಚಿ ಇಟ್ಟರು. ಅದು ಅಲ್ಲೇ ಕೊಳೆತು, ರಸ ಇಳಿದು, ಇರುವೆ ಮುತ್ತಿದವು. ತೆಗೆಯಲು ಹೋದರೆ “ತೊಡ್‌ಬ್ಯಾಡ, ಮುಟ್‌ಬ್ಯಾಡ, ದಿಷ್ಟಿ ಇಳೀಲಿ” ಎಂದರು. ಕೊಳೆತ ನಿಂಬೆಯ ವಾಸನೆಯಲ್ಲಿ ಕೂತು ನವಿಲು ಬಿಡಿಸುತ್ತಿದ್ದೇನೆ ಚಿಕ್ಕಪ್ಪ. ವಾಕರಿಕೆ ಬಂದರೆ, ವಿಶೇಷವೇನಾದರೂ ಇದೆಯೇ ಎಂದು ಬೀದಿಯ ಹೆಂಗಸರು ಕೇಳುತ್ತಾರೆ. ವಿಶೇಷವಂತೆ, ಥೂ!

ಸುಮ್ಮನೆ ಕೂರಲಾಗದೆ ಒಂದೆರಡು ಪರೀಕ್ಷೆ ಮಾಡಿದೆ. ಅದೇ ಸೆರಗನ್ನು ಪೆನ್ ಡ್ರೈವಿಗೆ ಉಳಿಸಿದರೆ ಬೇಗ ಮುಗಿಯುತ್ತದೆ. ಹೊಸ ಡಿಸ್ಕಿಗೆ ಉಳಿಸಿದರೆ ಮಾತ್ರ ಈ ಗತಿ. ಅಂದರೆ ಕಾಯಿಲೆ ಕಂಪ್ಯೂಟರಿನದಲ್ಲ, ನನ್ನ ಕೈಯದಂತೂ ಅಲ್ಲ. ಡಿಸ್ಕಿನ ವಿವರ ತೋರಿಸುವ ಆದೇಶ ಕೊಟ್ಟೆ. ಪಟ್ಟಿಯ ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲಿ ಬಂತು. ‘ಒಂದನೇ ಪಾರ್ಟಿಷನ್ ಫಿಸಿಕಲ್ ಸೆಕ್ಟರಿನ ಗಡಿಯಿಂದ ಶುರುವಾಗುತ್ತಿಲ್ಲ’ ಎಂದು ಅದರ ಅರ್ಥ. ಶುರುವಾಗುವ ಸ್ಥಾನ ಅರವತ್ತಮೂರು ಎಂದು ತೋರಿಸುತ್ತದೆ.

ಈ ಸಾಲು ನೀವು ಡಿಸ್ಕ್ ಹೂಡಿದ ದಿನವೂ ಬಂದಿತ್ತೇ? ಇದರ ಅರ್ಥವೇನು?

ಯುಗಾದಿ ಏಪ್ರಿಲ್ ಒಂಬತ್ತಕ್ಕೆ. ಬೇಗ ಬರೆಯಿರಿ.

ಕಾರ್ತಿಕಾ


ಪಾಪಿರೆಡ್ಡಿಪಟ್ಟಿ
26 ಫೆಬ್ರವರಿ 2024

ಚಿ. ಸೌ. ಕಾರ್ತಿಕಾಳಿಗೆ ಆಶೀರ್ವಾದಗಳು.

ಸೆಂಟರಿನಲ್ಲಿ ಪರೀಕ್ಷೆ ಇದ್ದುದರಿಂದ ತಡವಾಯಿತು.

ಆ ಸಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಯಂತ್ರಗಳು ನೂರೆಂಟು ಎಚ್ಚರಿಕೆ ಕೊಡುತ್ತವೆ. ಎಲ್ಲಕ್ಕೂ ಹೆದರಿದರೆ ಸಿಗರೇಟ್ ಪೊಟ್ಟಣದ ಮೇಲಿನ ಚಿತ್ರ ನೋಡಿ ಅಂಗಡಿಯವನೇ ಸಾಯಬೇಕು. ತಾರಮಂಗಲದಲ್ಲಿ ನಾಗರಾಜನ್ ಅವರ ಮಗ್ಗದ ಮನೆಯಲ್ಲೂ ಎರಡು ವರ್ಷದ ಹಿಂದೆ ಹೀಗೆಯೇ ಡಿಸ್ಕ್ ಹೂಡಿಕೊಟ್ಟೆ. ಅಲ್ಲೂ ಈ ಸಾಲು ಬಂತು. ಏನೂ ಮುಳುಗಿಹೋಗಲಿಲ್ಲ.

ಅಲ್ಲಿ ತಮಿಳ್‌ಸೆಲ್ವಿ ಎಂಬ ಹುಡುಗಿ ಡಿಸೈನ್ ಮಾಡುತ್ತಿದ್ದಳು. ಅವಳೂ ನಿನ್ನಂತೆಯೇ ಉಳಿಸಲು ತಡ, ಉಳಿಸಲು ತಡ ಎಂದು ಅತ್ತಳು. ನಾನೇ ಹೋಗಿ ನೋಡಿದೆ. ಯಂತ್ರ ಸರಿಯಾಗಿತ್ತು. ಕೈ ಮಂದ ಎಂದು ನಾಗರಾಜನ್‌ಗೆ ಹೇಳಿದೆ. ಅವರು ಅವಳನ್ನು ಬಿಡಿಸಿ ಅಕ್ಕನ ಮಗನನ್ನು ಕೂರಿಸಿಕೊಂಡರು. ನಿನ್ನನ್ನು ಹಾಗೆ ಅನ್ನುತ್ತಿಲ್ಲ. ಆದರೆ ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಮಾತು ಬಾರದಂತೆ ನೋಡಿಕೋ.

ಇನ್ನೊಂದು ಮಾತು. ಪಾರ್ಟಿಷನ್ ಮುಟ್ಟಲು ಹೋಗಬೇಡ. ಹೊಸ ಹಾಸಿನ ಮೊದಲ ಗಂಟು ಮನೆಯ ಹಿರಿಯರು ಹಾಕುವುದು, ಹಿರಿಯರು ಹಾಕಿದ ಗಂಟನ್ನು ಕಿರಿಯರು ಬಿಚ್ಚಬಾರದು. ಆ ಡಿಸ್ಕಿಗೆ ನಾನು ಪೂಜೆ ಮಾಡಿ, ಕುಂಕುಮವಿಟ್ಟು, ಬೀಗರ ಎದುರಿಗೆ ಹೂಡಿದ್ದೇನೆ.

ಇತಿ,
ರಾಜಗೋಪಾಲ್


ಅಮ್ಮಾಪೇಟೆ, ಸೇಲಂ
4 ಮಾರ್ಚ್ 2024

ಚಿಕ್ಕಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನ ರಾತ್ರಿ ಊಟಕ್ಕೆ ಬಡಿಸುತ್ತಿದ್ದೆ. ಮಾವ ತಟ್ಟೆಯಿಂದ ತಲೆಯೆತ್ತದೆ ಅಂದರು: “ನಿಮ್ ಚಿಕ್ಕಪ್ಪನ್ನೇ ಕೇಳ್ದೆ ಕಣಮ್ಮ. ಮಿಸಿನ್ ಕರೆಕ್ಟಾಗೈತೆ, ಉಡುಗಿ ಕೈಯೇ ಕೊಂಚ ಮಂದ ಅಂದ್ರು. ನಿಮ್ಮೋರೇ ಅಂದ್‌ಮ್ಯಾಲೆ ನಾನ್ ಏನ್ ಸೊಲ್ಲಲಿ?”

ಯಾವಾಗ ಕೇಳಿದಿರಿ ಮಾವ ಎಂದೆ. ಹೋದ ತಿಂಗಳ ಕೊನೆಗೆ, ಒಂದು ವಾರ ಆಯಿತು ಎಂದರು. ಅಂದರೆ ನನಗೆ “ನಿನ್ನನ್ನು ಹಾಗೆ ಅನ್ನುತ್ತಿಲ್ಲ” ಎಂದು ಬರೆಯುವ ಹೊತ್ತಿಗೆ, ಅವರಿಗೆ ಹಾಗೆಂದು ಮುಗಿಸಿದ್ದಿರಿ. ಅಡ್ಡಗೋಡೆಯ ಮೇಲೆ ದೀಪ ಇಡುವವರನ್ನು ಕಂಡಿದ್ದೇನೆ. ಒಂದೇ ವಾರದಲ್ಲಿ ಆ ಕಡೆಗೊಂದು ಈ ಕಡೆಗೊಂದು ದೀಪ ಹಚ್ಚಿದವರನ್ನು ನೋಡಿದ್ದು ಇದೇ ಮೊದಲು. ಅಸಹ್ಯವಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಆ ಸಾಲಿನ ಅರ್ಥ ನೀವು ಹೇಳಲಿಲ್ಲ. ನಾನೇ ಓದಿ ತಿಳಿದುಕೊಂಡೆ. ಬರೆಯುತ್ತೇನೆ, ಪಾಠ ಹೇಳುವವರು ಒಮ್ಮೆ ಪಾಠ ಕೇಳಿ.

ಹಳೆಯ ಡಿಸ್ಕಿನಲ್ಲಿ ಇದ್ದದ್ದು ಬರೀ ಚಿಕ್ಕ ಸೆಕ್ಟರುಗಳು, ಕೋಣೆಗಳು ಎನ್ನೋಣ, ಒಂದೊಂದರಲ್ಲಿ ಐನೂರ ಹನ್ನೆರಡು ಬೈಟು. ಅಲ್ಲಿ ಯಾವ ಕೋಣೆಯಿಂದ ಶುರು ಮಾಡಿದರೂ ನಡೆಯುತ್ತಿತ್ತು. ಹೊಸ ಡಿಸ್ಕು ಹಾಗಿಲ್ಲ. ಅದರಲ್ಲಿರುವುದು ದೊಡ್ಡ ಮನೆಗಳು, ಎಂಟೆಂಟು ಕೋಣೆಗೆ ಒಂದು ಮನೆ. ಹಳೆಯ ಕಾಲದವರಿಗೆ ಗಾಬರಿಯಾಗದಿರಲಿ ಎಂದು ಹೊರಗಿನವರಿಗೆ ಮಾತ್ರ ಚಿಕ್ಕ ಕೋಣೆಯ ಲೆಕ್ಕ ತೋರಿಸುತ್ತದೆ. ಒಳಗೆ ಬರೆಯುವುದು ಮನೆ ಮನೆಯಾಗಿಯೇ. ನೀವು ಹಳೆಯ ಪಟ್ಟಿಯನ್ನು ಎತ್ತಿ ಇಳಿಸಿದಿರಿ, ಪಾರ್ಟಿಷನ್ ಅರವತ್ತಮೂರನೆಯ ಕೋಣೆಯಿಂದ ಶುರುವಾಯಿತು. ಸೊನ್ನೆಯಿಂದ ಎಣಿಸಿ ನೋಡಿ. ಅದು ಎಂಟನೇ ಮನೆಯ ಕಟ್ಟಕಡೆಯ ಕೋಣೆ. ಲಿನಕ್ಸ್ ಬರೆಯುವುದು ಎಂಟು ಕೋಣೆಯಷ್ಟನ್ನು ಒಂದು ಸಲಕ್ಕೆ. ಆ ಎಂಟರಲ್ಲಿ ಒಂದು ಈ ಮನೆಗೆ, ಉಳಿದ ಏಳು ಪಕ್ಕದ ಮನೆಗೆ ಬೀಳುತ್ತವೆ. ಆಗ ಡಿಸ್ಕು ಎರಡು ಮನೆಯನ್ನೂ ಓದಿ, ಬೇಕಾದಷ್ಟು ತಿದ್ದಿ, ಎರಡನ್ನೂ ಮತ್ತೆ ಬರೆಯಬೇಕು. ಪ್ರತಿ ಚೂರಿಗೂ ಇದೇ ಪಾಡು. ಓದುವಾಗ ತಿದ್ದುವ ಕೆಲಸವಿಲ್ಲ, ಅದಕ್ಕೇ ತೆರೆಯುವುದು ಬೇಗ.

ಎಂಟರಿಂದ ಭಾಗವಾಗುವ ಕೋಣೆಯಿಂದ ಶುರು ಮಾಡಿದ್ದರೆ ಮುಗಿದಿತ್ತು. ಈಗಿನ ಲಿನಕ್ಸ್ ತಾನಾಗಿಯೇ ಎರಡು ಸಾವಿರದ ನಲವತ್ತೆಂಟರಿಂದ ಶುರು ಮಾಡುತ್ತದೆ. ನೀವು ಹೇಸಿಗೆಪಟ್ಟುಕೊಂಡಿರಲ್ಲ, ಹೂಂ ಒತ್ತುವ ಹುಡುಗರು, ಅವರ ಡಿಸ್ಕುಗಳೆಲ್ಲ ಚೆನ್ನಾಗಿ ಓಡುತ್ತಿವೆ.

ನನಗೆ ಬೇಕಾದದ್ದು ಒಂದೇ. ಮಾವನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿ, ತಪ್ಪು ಡಿಸ್ಕ್ ಹೂಡಿದ್ದರಲ್ಲಿದೆ, ಕಾರ್ತಿಕಾಳ ಕೈಯಲ್ಲಿಲ್ಲ ಎಂದು ಹೇಳಿ.

ಕಾರ್ತಿಕಾ


ಅಮ್ಮಾಪೇಟೆ, ಸೇಲಂ
29 ಮಾರ್ಚ್ 2024

ಚಿಕ್ಕಪ್ಪನವರಿಗೆ,

ನಿಮ್ಮಿಂದ ಕಾಗದವಿಲ್ಲ, ಫೋನೂ ಇಲ್ಲ. ಮಾತು ಬಲ್ಲವರ ಮೌನಕ್ಕೆ ಬೇರೆ ಅರ್ಥ ಹುಡುಕುವ ಕೆಲಸವನ್ನು ನಾನು ಬಿಟ್ಟಿದ್ದೇನೆ.

ನಿನ್ನೆ ಮನೆಯವರೆಲ್ಲ ಕೊಳತ್ತೂರಿಗೆ ಮದುವೆಗೆ ಹೋದರು. ತಲೆನೋವೆಂದು ನಾನು ಉಳಿದೆ. ನಿಜಕ್ಕೂ ತಲೆನೋವಿತ್ತು, ನಿಂಬೆಹಣ್ಣಿನ ವಾಸನೆಯದು. ಅದನ್ನು ಎತ್ತಿ ಬೀದಿಗೆ ಎಸೆದು, ಆಮೇಲೆ ಕೂತೆ.

ಕಾಲೇಜಿನ ಗೆಳತಿಯಿಂದ ಹೊರಗಿನ ಡಿಸ್ಕ್ ಒಂದನ್ನು ತಂದಿದ್ದೆ. ಎಲ್ಲ ಡಿಸೈನುಗಳನ್ನೂ ಅದಕ್ಕೆ ತುಂಬಿದೆ. ತುಂಬಿದ್ದು ಸರಿಯಾಗಿದೆಯೇ ಎಂದು ಎರಡು ಸಲ ತಾಳೆ ನೋಡಿದೆ. ನಿಮ್ಮ ಪಾರ್ಟಿಷನ್ ಅಳಿಸುವ ಆದೇಶ ಬರೆದು ಬೆರಳನ್ನು ಎಂಟರ್ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಹಿರಿಯರ ಗಂಟು. ಮಾವ ತಮ್ಮ ಅಪ್ಪ ಹಾಕಿದ ಗಂಟನ್ನು ಇಂದಿಗೂ ಕತ್ತರಿಸದೆ ಮಗ್ಗದ ಹಿಂದೆ ಸುತ್ತಿಟ್ಟಿದ್ದಾರೆ. ಈ ಮನೆಯಲ್ಲಿ ಅದು ಆಟದ ಮಾತಲ್ಲ. ನಾನು ಕಂಡುಹಿಡಿದದ್ದೇ ತಪ್ಪಾದರೆ, ಎರಡು ವರ್ಷದ ಡಿಸೈನುಗಳ ಜೊತೆ ನಾನೂ ಬೀದಿಗೆ.

ಒತ್ತಿದೆ. ಅಳಿಯಿತು. ಹೊಸ ಪಾರ್ಟಿಷನನ್ನು ಎರಡು ಸಾವಿರದ ನಲವತ್ತೆಂಟರಿಂದ ಶುರು ಮಾಡಿದೆ. ಗಡಿ ಕೂಡಿದೆಯೇ ಎಂದು ಕೇಳಿದೆ, ಕೂಡಿದೆ ಎಂದಿತು. ಡಿಸೈನುಗಳನ್ನು ವಾಪಸು ತುಂಬಿ, ಆ ಸೆರಗನ್ನೇ ತೆರೆದು ಉಳಿಸಿದೆ. ಟೀ ಮಾಡಲು ಏಳಬೇಕೆಂದುಕೊಂಡೆ, ಏಳುವಷ್ಟರಲ್ಲಿ ಮುಗಿದಿತ್ತು. ಒಬ್ಬಳೇ ಜೋರಾಗಿ ನಕ್ಕೆ.

ನೀವಿಟ್ಟ ಕುಂಕುಮ ಡಿಸ್ಕಿನ ಮೇಲೆ ಹಾಗೆಯೇ ಇದೆ. ಅದನ್ನು ಒರೆಸಿಲ್ಲ.

ಇನ್ನೂ ಯಾರಿಗೂ ಹೇಳಿಲ್ಲ. ನೀವೇ ಹೇಳಿದರೆ ನಿಮ್ಮ ಮರ್ಯಾದೆ ಉಳಿಯುತ್ತದೆ ಎಂದು ಕಾಯುತ್ತಿದ್ದೇನೆ.

ಕಾರ್ತಿಕಾ


ಪಾಪಿರೆಡ್ಡಿಪಟ್ಟಿ
3 ಏಪ್ರಿಲ್ 2024

ಚಿ. ಸೌ. ಕಾರ್ತಿಕಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಎರಡೂ ಕಾಗದ ಓದಿದೆ. ಬಿಸಿರಕ್ತ, ಮಾತು ಹೆಚ್ಚಾಗಿದೆ. ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಕೆಲಸ ಆಯಿತಲ್ಲ, ಅದು ಮುಖ್ಯ.

ನೀನು ಕೇಳಿಕೊಂಡಂತೆ ಬೀಗರಿಗೆ ಫೋನ್ ಮಾಡಿದೆ. ಡಿಸ್ಕಿನಲ್ಲಿ ಸಣ್ಣ ದೋಷವಿತ್ತು, ನಾನು ಇಲ್ಲಿಂದಲೇ ಹೇಳಿಕೊಟ್ಟು ಹುಡುಗಿಯ ಕೈಯಲ್ಲಿ ಮಾಡಿಸಿದೆ ಎಂದು ಹೇಳಿದ್ದೇನೆ. ಹೀಗೆ ಹೇಳಿದರೆ ನನ್ನ ಗಂಟನ್ನು ನೀನು ಬಿಚ್ಚಿದ ದೋಷವೂ ನಿನಗೆ ತಟ್ಟುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೀಗರಿಗೆ ಬಹಳ ಸಂತೋಷವಾಯಿತು. ಯಂತ್ರ ಸರಿಹೋದ ಮೇಲೆ ಇನ್ನು ಯಾರು ಕೂತರೂ ನಡೆಯುತ್ತದಲ್ಲ, ಯುಗಾದಿಯಿಂದ ಮಣಿಕಂಠನೇ ನೋಡಿಕೊಳ್ಳಲಿ ಎಂದರು. ನಾನೂ ಹೂಂ ಎಂದೆ. ನಿನಗೂ ಮನೆಗೆಲಸಕ್ಕೆ ಬಿಡುವಾಗುತ್ತದೆ.

ತಾರಮಂಗಲದ ವಿಷಯ ಎತ್ತಬೇಡ. ನಾಗರಾಜನ್ ಅವರ ಮನೆಯ ಇಬ್ಬರು ಹುಡುಗರು ನನ್ನ ಸೆಂಟರಿಗೆ ಬರುತ್ತಾರೆ. ಬಿಡುವಾದಾಗ ನಾನೇ ಹೋಗಿ ನೋಡುತ್ತೇನೆ.

ಇತಿ ಆಶೀರ್ವಾದ,
ರಾಜಗೋಪಾಲ್


ಅಮ್ಮಾಪೇಟೆ, ಸೇಲಂ
11 ಏಪ್ರಿಲ್ 2024

ರಾಜಗೋಪಾಲ್ ಚಿಕ್ಕಪ್ಪನವರಿಗೆ,

ನಿಮ್ಮ ಕಾಗದವನ್ನು ಓದಿ ಕೈ ತೊಳೆದುಕೊಂಡೆ. ಉತ್ಪ್ರೇಕ್ಷೆಯಲ್ಲ, ಸೋಪು ಹಾಕಿ ತೊಳೆದೆ.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ ಮಣಿಕಂಠನ್ ಹೊಸ ಶರ್ಟ್ ಹಾಕಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂತ. ಮೌಸಿಗೆ ಹೂವಿಟ್ಟ. ಬೇವುಬೆಲ್ಲ ಕೊಡಲು ಹೋದವಳು ಅಲ್ಲಿಂದ ನೇರ ಮಾವನ ಮಗ್ಗದ ಹತ್ತಿರ ಹೋದೆ.

“ಮಾವ, ನೀವು ಹಣಿಗೆ ಬದಲಾಯಿಸಿದಾಗ ಏನು ಮಾಡುತ್ತೀರಿ?” ಎಂದು ಕೇಳಿದೆ.

“ಏನ್ ಮಾಡಾದು? ಮೊದ್ಲಿಂದ ಪೋಣಿಸ್‌ಬೇಕು.”

“ಹಳೆ ಹಾಸಿನ ತುದಿಗೆ ಬೆಸೆದುಕೊಂಡರೆ?”

ಮಾವ ನಕ್ಕರು. “ಅಣಿಗೆ ಬದ್ಲಾದ್‌ಮ್ಯಾಲೆ ಅಳೆ ಆಸಿನ್ ತುದೀಗೆ ಯಾವನಾನ ಬೆಸೀತಾನೇನಮ್ಮ? ಸಂದು ಒಂದ್ ಕಡೆ, ಎಳೆ ಒಂದ್ ಕಡೆ. ಎಳೆ ಉಜ್ಜಿ ಉಜ್ಜಿ ಸಾಯ್ತೈತೆ. ಪೈತ್ಯಗಾರ, ತಲೆ ಕೆಟ್ಟೋನು ಮಾಡ್ಬೇಕು ಆ ಕೆಲ್ಸ.”

ಹೊಸ ಡಿಸ್ಕಿನ ಹಣಿಗೆಯೇ ಬೇರೆ, ಚಿಕ್ಕಪ್ಪ ಹಳೆಯದಕ್ಕೇ ಬೆಸೆದರು, ಅದಕ್ಕೇ ಐದು ತಿಂಗಳು ಅದು ಉಜ್ಜಿ ಉಜ್ಜಿ ಸತ್ತಿತು ಎಂದು ಹೇಳಿದೆ. ಬಿಚ್ಚಿ ಪೋಣಿಸಿದ್ದು ನಾನು, ಯಾರೂ ಹೇಳಿಕೊಡಲಿಲ್ಲ ಎಂದೂ ಹೇಳಿದೆ. ಮಾವನ ನಗು ನಿಂತಿತು.

“ದೊಡ್ಡೋರು ಆಕಿದ್ ಗಂಟ, ಒಂದ್ ಮಾತ್ ಕೇಳ್ದೆ ಬಿಚ್ಚಿದ್ಯಾ?”

“ಬಿಚ್ಚಿದೆ ಮಾವ.”

“ಕೇಳಿದ್ರೆ ಬ್ಯಾಡ ಅಂತಿದ್ದೆ.”

“ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.”

ಅವರು ಲಾಳಿ ಕೆಳಗಿಟ್ಟು ಎದ್ದು ಹೋದರು. ಹಬ್ಬದ ಊಟಕ್ಕೆ ಒಬ್ಬಟ್ಟು ಬಡಿಸಿದೆ. ನನ್ನ ಗಂಡ ಸೆಂದಿಲ್‌ಕುಮಾರ್ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಒಬ್ಬಟ್ಟಿನ ಮುಖ ನೋಡಿಕೊಂಡು ಕೂತರು. ಅವರಿಂದ ಅದಕ್ಕಿಂತ ಹೆಚ್ಚು ನಾನೂ ನಿರೀಕ್ಷಿಸಿರಲಿಲ್ಲ. ಕೈ ತೊಳೆದು ಬಂದ ಮಾವ ಕಂಪ್ಯೂಟರಿನ ಮುಂದೆ ನಿಂತರು. “ಲೇ ಮಣಿ, ಎದ್ದೇಳ್ಲಾ” ಎಂದರು. ಅವನು ಹಬ್ಬದ ದಿನ ಹೀಗೆ ಅಂತೀರಲ್ಲ ಎಂದ. “ಪೋಣ್ಸಿದೋಳು ಕೂತ್ಕಳ್ಳಿ. ಏಳು” ಎಂದು ಮತ್ತೆ ಹೇಳಿದರು.

ಕೂತಿದ್ದೇನೆ. ಅತ್ತೆ ಇನ್ನೂ ಮುಖ ಗಂಟಿಕ್ಕಿಕೊಂಡಿದ್ದಾರೆ, ಇರಲಿ. ನಿಮ್ಮ ಬಗ್ಗೆ ಮಾವ ಒಂದೇ ಮಾತು ಅಂದರು. ಅದನ್ನು ನಾನು ಬರೆಯುವುದಿಲ್ಲ, ಕನ್ನಡದಲ್ಲಂತೂ ಬರೆಯುವುದಿಲ್ಲ.

ಆದರೆ ನನ್ನ ಕುರ್ಚಿ ಸಿಕ್ಕಿತೆಂದು ವಿಷಯ ಮುಗಿಯಲಿಲ್ಲ. ನನಗೆ ಆದದ್ದೆಲ್ಲ ತಮಿಳ್‌ಸೆಲ್ವಿಗೆ ಮೊದಲೇ ಆಗಿದೆ. ಅವಳ ಪರವಾಗಿ ಯಾರೂ ಬಿಚ್ಚಿ ಪೋಣಿಸಲಿಲ್ಲ. ಮುಂದಿನ ಭಾನುವಾರ, ಇಪ್ಪತ್ತೊಂದನೇ ತಾರೀಕು, ತಾರಮಂಗಲಕ್ಕೆ ಹೋಗುತ್ತೇನೆ. ಮಾವ ನಾಗರಾಜನ್ ಅವರಿಗೆ ಹೇಳಿದ್ದಾರೆ. ನೀವೂ ಬನ್ನಿ. ಡಿಸ್ಕಿನ ಕೆಲಸ ನಾನು ಮಾಡುತ್ತೇನೆ. ಕೈ ಮಂದ ಎಂದು ಹೇಳಿದ ಬಾಯಿ ನಿಮ್ಮದು, ಅದನ್ನು ವಾಪಸು ತೆಗೆದುಕೊಳ್ಳುವ ಕೆಲಸವಷ್ಟು ನಿಮ್ಮದು.

ಕಾರ್ತಿಕಾ


ಪಾಪಿರೆಡ್ಡಿಪಟ್ಟಿ
17 ಏಪ್ರಿಲ್ 2024

ಕಾರ್ತಿಕಾಳಿಗೆ,

ನನಗೆ ಮೂರು ದಿನದಿಂದ ಜ್ವರ. ಬರಲಾಗುವುದಿಲ್ಲ.

ಹೋಗುವುದೇ ಆದರೆ ಹೋಗು. ಕರೆಂಟು ಏರುಪೇರಾಗಿ ಡಿಸ್ಕು ಹಾಳಾಗಿತ್ತು ಎಂದು ಹೇಳಬಹುದು, ಯಾರೂ ಕೇಳುವುದಿಲ್ಲ. ನನ್ನ ಹೆಸರು ಎತ್ತಬೇಡ. ಈ ವಯಸ್ಸಿನಲ್ಲಿ ನನಗೆ ಉಳಿದಿರುವುದು ಹೆಸರೊಂದೇ. ಆ ಹುಡುಗಿಗೆ ಈಗ ಬೇರೆ ಕೆಲಸ ಸಿಕ್ಕಿದೆಯಂತೆ, ಅವಳೂ ಮರೆತಿರುತ್ತಾಳೆ.

ರಾಜಗೋಪಾಲ್


ಅಮ್ಮಾಪೇಟೆ, ಸೇಲಂ
24 ಏಪ್ರಿಲ್ 2024

ರಾಜಗೋಪಾಲ್ ಅವರಿಗೆ,

ಹೋಗಿ ಬಂದೆ.

ತಮಿಳ್‌ಸೆಲ್ವಿ ಈಗ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಹರಡಿದ ಸೀರೆಗಳನ್ನು ಮಡಿಸುವ ಕೆಲಸ ಮಾಡುತ್ತಾಳೆ. ಅಂದರೆ ಮೊದಲು ತಾನು ಬಿಡಿಸುತ್ತಿದ್ದ ಹೂವುಗಳನ್ನು ಈಗ ಮಡಿಸಿಡುತ್ತಾಳೆ. ಅವಳ ಮನೆಗೆ ಹೋಗಿ, ನಾನು ಯಾರೆಂದು ಹೇಳಿ, ಜೊತೆಗೆ ನಾಗರಾಜನ್ ಅವರ ಮನೆಗೆ ಬಾ ಎಂದರೆ ಒಲ್ಲೆ ಎಂದಳು. “ಬ್ಯಾಡಾಕ್ಕ. ಆ ಮಿಸಿನ್ ಮಕ ನೋಡಾಕೇ ಆಗಾಕಿಲ್ಲ.” ಅವಳ ತಾಯಿ ಹಿಂದಿನಿಂದ, ಇವಳ ಕೈ ಚಿಕ್ಕಂದಿನಿಂದಲೂ ಕೊಂಚ ಮಂದವೇ ಎಂದರು. ಎರಡು ವರ್ಷದಲ್ಲಿ ಹೆತ್ತ ತಾಯಿಯೂ ಅದನ್ನು ನಂಬಿದ್ದಾರೆ. ಹೆಣ್ಣು ನೋಡಲು ಬಂದವರಿಗೂ ಕೆಲಸದಲ್ಲಿ ನಿಧಾನ, ಗುಣದಲ್ಲಿ ಒಳ್ಳೆಯವಳು ಎಂದೇ ಹೇಳುತ್ತಾರಂತೆ.

ಎಳೆದುಕೊಂಡೇ ಹೋದೆ.

ನಾಗರಾಜನ್ ಅವರ ಮನೆಯಲ್ಲಿ ಅವಳ ಜಾಗದಲ್ಲಿ ಕೂತ ಅಕ್ಕನ ಮಗ ಇಳಂಗೋ ನಮ್ಮನ್ನು ನೋಡಿ ಖುಷಿಪಟ್ಟ. ಅವನಿಗೂ ಉಳಿಸಲು ಅಷ್ಟೇ ತಡವಾಗುತ್ತಿತ್ತಂತೆ. ನೀವು ಏನು ಮಾಡಿದಿರಿ ಎಂದು ನಾಗರಾಜನ್ ಅವರನ್ನು ಕೇಳಿದೆ. “ಮಿಸಿನ್ ಪಳಸಾಗೈತಲ್ಲ, ಅವ್ನ್ ಏನ್ ಮಾಡ್ತಾನೆ ಪಾವಂ? ಒಸಾದು ತಕ್ಕೊಡಾನ ಅಂತಿದ್ದೆ” ಎಂದರು. ಅದೇ ಯಂತ್ರ, ಅದೇ ತಡ. ಹುಡುಗಿ ಕೂತಾಗ ಕೈ ಮಂದ, ಹುಡುಗ ಕೂತಾಗ ಮಿಸಿನ್ ಹಳೆಯದು. ಛೀ, ಎಂಥ ನ್ಯಾಯ ಇದು! ಈ ಮಾತನ್ನು ಅವರ ಮುಂದೆಯೇ ಹೇಳಿದೆ. ಅವರು ತಮ್ಮ ಟವಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

ಡಿಸ್ಕ್ ನೋಡಿದೆ. ಶುರು ಅರವತ್ತಮೂರರಿಂದ. ಬೇರೆ ಏನಿರುತ್ತದೆ? ಎಲ್ಲವನ್ನೂ ಹೊರಗೆ ತುಂಬಿ, ಅಳಿಸಿ, ಗಡಿಗೆ ಕೂಡಿಸಿ, ವಾಪಸು ತುಂಬಿದೆ. ಅಷ್ಟು ಹೊತ್ತೂ ತಮಿಳ್‌ಸೆಲ್ವಿ ಬಾಗಿಲ ಹತ್ತಿರವೇ ನಿಂತಿದ್ದಳು, ಒಳಗೆ ಬರಲಿಲ್ಲ. ಮುಗಿದ ಮೇಲೆ ಕೈ ಹಿಡಿದು ಕರೆತಂದು ಕೂರಿಸಿದೆ. ಅವಳದೇ ಹಳೆಯ ಡಿಸೈನ್ ಒಂದು ಅಲ್ಲಿ ಅರ್ಧಕ್ಕೆ ನಿಂತಿತ್ತು, ಅಂಚಿನ ತುಂಬ ಪುಟ್ಟ ಮಾವಿನಕಾಯಿ. ಒಂದು ಮಾವಿನಕಾಯಿ ಬಿಡಿಸು ಎಂದೆ. ಬಿಡಿಸಿದಳು. ಇಳಂಗೋ ಅರ್ಧ ದಿನದಲ್ಲಿ ಮಾಡುವುದನ್ನು ಮಾತಾಡುತ್ತಲೇ ಮುಗಿಸಿದಳು. ಉಳಿಸು ಎಂದೆ. ಒತ್ತಿದಳು, ಅಭ್ಯಾಸಬಲದಿಂದ ಎದ್ದು ನಿಂತಳು. ತಡವಾಗುತ್ತದಲ್ಲ, ಎದ್ದು ನಿಲ್ಲುವುದು ಅವಳ ರೂಢಿ. ಅಷ್ಟರಲ್ಲಿ ಉಳಿದಾಗಿತ್ತು.

ಪರದೆಯನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. “ಅಂಗಾದ್ರೆ ನನ್ ಕೈದೇನೂ ತೆಪ್ಪಿಲ್ವಾಕ್ಕಾ?” ಎಂದು ಕೇಳಿದಳು.

ಇಲ್ಲ ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಮತ್ತೆ ಇಲ್ಲ ಎಂದೆ. ಬಸ್ ಸ್ಟಾಂಡಿಗೆ ಬಿಡಲು ಬಂದಾಗ ಇನ್ನೊಮ್ಮೆ ಕೇಳಿದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ. ಹಾಗಾದರೆ ನನ್ನ ಕೈ ಮಂದ ಎಂದು ಮೊದಲು ಹೇಳಿದ್ದು ಯಾರು ಎಂದು ಕೇಳಿದಳು. ನಾಗರಾಜನ್ ಆ ಹೆಸರನ್ನು ಅವಳಿಗೆ ಅವತ್ತಿನವರೆಗೆ ಹೇಳಿರಲಿಲ್ಲವಂತೆ.

ಕರೆಂಟು ಎಂದು ನಾನು ಹೇಳಲಿಲ್ಲ. ನಿಮ್ಮ ಹೆಸರು ಹೇಳಿದೆ, ಮನೆಯ ಗುರುತನ್ನೂ ಹೇಳಿದೆ. ಜೊತೆಗೆ ಬರುತ್ತೇನೆ ಎಂದೆ. ಬೇಡ, ಒಬ್ಬಳೇ ಹೋಗಿ ಕೇಳುತ್ತೇನೆ ಎಂದಳು.

ಬರುವ ಭಾನುವಾರ ಅವಳಿಗೆ ಅಂಗಡಿ ರಜೆ. ಬೆಳಗಿನ ಬಸ್ಸಿಗೆ ಪಾಪಿರೆಡ್ಡಿಪಟ್ಟಿಗೆ ಬರುತ್ತಾಳೆ. ಆ ದಿನ ನಿಮಗೆ ಜ್ವರ ಬರದಿರಲಿ.

ಕಾರ್ತಿಕಾ